ಗಾಳಿದಿಬ್ಬದ ಕಲ್ಲುಬೆಂಚು

ದೇಶದ ಉದ್ದಗಲಕ್ಕೂ ಕಾರು ಓಡಿಸುವವರು ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಎಂದು ಮೂವತ್ತೊಂದು ವರ್ಷ ಅಪ್ಪಣೆ ಹೊರಡಿಸಿದ ಮನುಷ್ಯನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಸೈಕಲ್ಲೂ ಅಷ್ಟಕ್ಕಷ್ಟೆ. ಬಸ್ಸಿನ ಕಿಟಕಿ ಪಕ್ಕ ಕೂತರೆ ತಲೆ ಸುತ್ತುತ್ತದೆಂದು ಒಳಗಡೆಯ ಸೀಟು ಹಿಡಿದು, ಕಣ್ಣು ಮುಚ್ಚಿಕೊಂಡು ಆಫೀಸಿಗೆ ಹೋಗಿ ಬರುತ್ತಿದ್ದ. ಆಫೀಸಿನವರು ಅವನಿಗೆ ಮೈಲಿಗಲ್ಲು ಎಂದು ಹೆಸರಿಟ್ಟಿದ್ದರು. ಯಾವ ಊರು ಎಷ್ಟು ದೂರ ಎಂದು ಮೈಲಿಗಲ್ಲು ಎಲ್ಲರಿಗೂ ಹೇಳುತ್ತದೆ, ತಾನು ಮಾತ್ರ ಒಂದು ಗೇಣೂ ಕದಲುವುದಿಲ್ಲ. ಈ ಹೆಸರು ಅವನ ಕಿವಿಗೂ ಬಿದ್ದಿತ್ತು. ಅವನು ಅದನ್ನು ಹೊಗಳಿಕೆ ಎಂದೇ ತಿಳಿದುಕೊಂಡಿದ್ದ.

ಅವನ ಆಫೀಸು ಒಂದು ಚಪ್ಪಲಿ ಅಂಗಡಿಯ ಮೇಲೆ, ಎರಡನೇ ಮಹಡಿಯಲ್ಲಿ ಮೂರು ಕೋಣೆ. ಅಲ್ಲಿಂದ ಎರಡು ವರ್ಷಕ್ಕೊಮ್ಮೆ ಒಂದು ದಪ್ಪನೆಯ ಪುಸ್ತಕ ಹೊರಬೀಳುತ್ತಿತ್ತು: ದೂರದ ಪ್ರಯಾಣ ಹೊರಟವರಿಗೆ ದಾರಿಯ ಕೈಪಿಡಿ. ಯಾವ ರಸ್ತೆಯಲ್ಲಿ ಏನಿದೆ, ಎಲ್ಲಿ ಅಡ್ಡದಾರಿ ಹಿಡಿದರೆ ಏನು ಸಿಗುತ್ತದೆ, ಎಲ್ಲ ಅದರಲ್ಲಿತ್ತು. ಪ್ರತಿ ಜಾಗದ ಕೊನೆಗೂ ಮೂರರಲ್ಲಿ ಒಂದು ತೀರ್ಪು. ನಿಲ್ಲಿ. ನಿಧಾನಿಸಿ. ಸಾಗಿ. ಈ ತೀರ್ಪು ಕೊಡುವವನು ಮೈಲಿಗಲ್ಲು. ಲಾರಿಯವರು, ಔಷಧ ಕಂಪನಿಯ ಏಜೆಂಟರು, ವರ್ಗವಾಗಿ ಹೋಗುವ ಗುಮಾಸ್ತರು ಬರೆದ ಕಾಗದಗಳು ಅವನ ಮೇಜಿನ ಮೇಲೆ ಗುಡ್ಡೆ ಬೀಳುತ್ತಿದ್ದವು. ಅವನು ಒಂದೊಂದನ್ನೂ ಎರಡು ಬೆರಳಲ್ಲಿ ಎತ್ತಿ ಓದಿ, ಮೂಗು ಮುರಿದು, ಕೆಂಪು ಪೆನ್ಸಿಲಿನಲ್ಲಿ ಸಾಗಿ ಎಂದು ಬರೆಯುತ್ತಿದ್ದ. ಯಾವನೋ ಜಲಪಾತ ನೋಡಿ ಕಣ್ಣಲ್ಲಿ ನೀರು ಬಂತು ಎಂದು ಬರೆದರೆ, ಎತ್ತರ ಎಷ್ಟು ಅಡಿ ಎಂದು ಕೇಳಿ ವಾಪಸು ಕಳಿಸುತ್ತಿದ್ದ. ಪ್ರವಾಸ ಹೋಗುವವರೆಂದರೆ ಅವನಿಗೆ ಮನೆಯಲ್ಲಿ ಕೂರಲು ಬಾರದ ಜನ. ಅವರಿಂದಲೇ ಅವನ ಮನೆಯ ಒಲೆ ಉರಿಯುತ್ತಿತ್ತು ಎಂಬ ಮಾತು ಬೇರೆ.

ಆ ಆಫೀಸಿನಲ್ಲಿ ಒಂದು ಗುಟ್ಟಿನ ಪದ್ಧತಿ ಇತ್ತು. ಬೇರೆ ಪ್ರಕಾಶಕರು ಇವರ ಕೈಪಿಡಿಯನ್ನು ಅನಾಮತ್ತಾಗಿ ಕದ್ದು ತಮ್ಮದೆಂದು ಮಾರುತ್ತಿದ್ದರು. ಕೇಳಿದರೆ, ಜಾಗ ಇರುವುದು ಸತ್ಯ, ನಾವೂ ಹೋಗಿ ನೋಡಿ ಬರೆದಿದ್ದೇವೆ ಎನ್ನುತ್ತಿದ್ದರು. ಅದಕ್ಕೆ ಯಜಮಾನರು ಒಂದು ಉಪಾಯ ಮಾಡಿದ್ದರು. ಪ್ರತಿ ಮುದ್ರಣದಲ್ಲೂ ಇಲ್ಲದ ಜಾಗವೊಂದನ್ನು ಹುಟ್ಟಿಸಿ ಸೇರಿಸುವುದು. ಅದಕ್ಕೆ ಗಾಳ ಎಂದು ಹೆಸರು. ಇಲ್ಲದ ಜಾಗ ಇನ್ನೊಬ್ಬನ ಪುಸ್ತಕದಲ್ಲಿ ಕಾಣಿಸಿತೆಂದರೆ ಕಳ್ಳ ಸಿಕ್ಕಿಬಿದ್ದಂತೆ. ಗಾಳ ಯಾವುದೆಂದು ಯಜಮಾನರಿಗೆ ಮತ್ತು ಬರೆದವನಿಗೆ ಬಿಟ್ಟು ಮೂರನೆಯವರಿಗೆ ತಿಳಿಯಕೂಡದು, ಹೆಂಡತಿಗೂ ಹೇಳಕೂಡದು. ಮುಂದಿನ ಮುದ್ರಣದಲ್ಲಿ ಹಳೆಯ ಗಾಳವನ್ನು ತೆಗೆದು ಹೊಸದನ್ನು ಹಾಕಬೇಕು.

ಎಂಟನೇ ಮುದ್ರಣದ ಗಾಳವನ್ನು ಮೈಲಿಗಲ್ಲು ಬರೆದ. ಪುಟ ಕಟ್ಟುವವನು ಬಂದು, ಇಂಥ ಪುಟದಲ್ಲಿ ಆರು ಸಾಲು ಖಾಲಿ ಉಳಿದಿದೆ ಎಂದ. ಮನೆಗೆ ಹೊರಡಲು ಹತ್ತು ನಿಮಿಷವಿತ್ತು. ಕೋಟೆ, ಕೆರೆ ಎಂದು ಬರೆದರೆ ಯಾರಾದರೂ ಸರ್ಕಾರದ ಪಟ್ಟಿ ತೆಗೆದು ತಾಳೆ ನೋಡುತ್ತಾರೆ. ಗಾಳಿಯನ್ನು ತಾಳೆ ನೋಡುವವರು ಯಾರೂ ಇಲ್ಲ. ಹೀಗೆ ಲೆಕ್ಕ ಹಾಕಿ, ಬ್ಯಾಗು ಹೆಗಲಿಗೇರಿಸಿ ನಿಂತುಕೊಂಡೇ ಗೀಚಿದ:

"ಗಾಳಿದಿಬ್ಬ. ಹೆದ್ದಾರಿಯಿಂದ ಎಡಕ್ಕೆ ನಾಲ್ಕೂವರೆ ಕಿಲೋಮೀಟರು, ಮಣ್ಣು ರಸ್ತೆ. ದಿಬ್ಬದ ಮೇಲೆ ಇಬ್ಬರು ಕೂರಬಹುದಾದ ಕಲ್ಲುಬೆಂಚು. ಸಂಜೆ ಐದರ ಮೇಲೆ ಗಾಳಿ ಏಳುತ್ತದೆ. ಮಾತಾಡಬೇಕು ಅನ್ನಿಸುವುದಿಲ್ಲ. ಹೊತ್ತು ಹೋದದ್ದು ತಿಳಿಯುವುದಿಲ್ಲ. ನಿಲ್ಲಿ."

ಈ ಗಾಳಕ್ಕೆ ಒಬ್ಬರಲ್ಲ, ಇಬ್ಬರು ಪ್ರಕಾಶಕರು ಬಿದ್ದರು. ಇಬ್ಬರೂ ಬಂದು ಯಜಮಾನರ ಎದುರು ಕೈಕಟ್ಟಿ ನಿಂತು ತಪ್ಪಾಯಿತು ಎಂದರು. ಮೈಲಿಗಲ್ಲಿಗೆ ಜಂಬ ತಲೆಗೇರಿತು. ಹೊಸ ಗಾಳ ಹಾಕುವಾಗ ಹಳೆಯದನ್ನು ತೆಗೆಯಬೇಕಲ್ಲ, ತೆಗೆಯಲಿಲ್ಲ. ಬಹುಮಾನ ಬಂದ ಲೋಟವನ್ನು ಶೋಕೇಸಿನಲ್ಲಿಡುವ ಹಾಗೆ ಅದನ್ನು ಮುದ್ರಣದಿಂದ ಮುದ್ರಣಕ್ಕೆ ಇಟ್ಟುಕೊಂಡೇ ಬಂದ. ಪುಸ್ತಕ ನಂಬಿ ಹೋದ ಬಡಪಾಯಿಗಳು, ಅಲ್ಲಿ ಬೆಂಚೂ ಇಲ್ಲ ಗಿಂಚೂ ಇಲ್ಲ ಎಂದು ಬೈದು ಕಾಗದ ಬರೆದರು. ತಾವು ಎಡಕ್ಕೆ ತಿರುಗುವ ಬದಲು ಬಲಕ್ಕೆ ತಿರುಗಿರಬೇಕು, ಪುಸ್ತಕವನ್ನು ಇನ್ನೊಮ್ಮೆ ಗಮನವಿಟ್ಟು ಓದಿ ಎಂದು ಇವನು ಉತ್ತರ ಹಾಕಿದ. ಐದಾರು ವರ್ಷ ಕಳೆದ ಮೇಲೆ ಅಂಥ ಕಾಗದಗಳು ನಿಂತುಹೋದವು. ಕೊನೆಗೂ ಜನ ಎಡ ಬಲ ಕಲಿತರು ಎಂದುಕೊಂಡ.

ಇನ್ನು ಅವನ ಹೆಂಡತಿ. ಮನೆಯ ಮುಂದಿನ ಕೋಣೆಯಲ್ಲಿ ಕಿಟಕಿ ಪರದೆ ಹೊಲಿದು ಕೊಡುವುದು ಅವಳ ಕೆಲಸ. ಮೂವತ್ತು ವರ್ಷ ಬೇರೆಯವರ ಕಿಟಕಿಗಳ ಅಳತೆ ತೆಗೆದಳು. ಟೇಪು ಹಿಡಿದು ಬಗ್ಗಿದಾಗಲೆಲ್ಲ ಆ ಕಿಟಕಿಯಾಚೆ ಏನು ಕಾಣುತ್ತದೆಂದು ಒಮ್ಮೆ ಕತ್ತೆತ್ತಿ ನೋಡುತ್ತಿದ್ದಳು. ಗಂಡನ ಪುಸ್ತಕದ ಪ್ರತಿ ಮುದ್ರಣವನ್ನೂ ಮೊದಲಿನಿಂದ ಕೊನೆಯ ತನಕ ಓದುತ್ತಿದ್ದಳು. ಎಲ್ಲಿಗಾದರೂ ಹೋಗೋಣ ಎಂದು ಕೇಳಿದರೆ ಅವನದು ಒಂದೇ ಉತ್ತರ:

"ಅಲ್ಲಿ ನೋಡೋದೇನಿದೆ? ಎಲ್ಲಾ ಬರೆದಿದ್ದೀನಲ್ಲ."

ಐವತ್ಮೂರನೇ ವಯಸ್ಸಿನಲ್ಲಿ ಅವಳು ಗಂಡನಿಗೆ ಹೇಳದೆ ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಎರಡು ಸಲ ಫೇಲಾಗಿ ಮೂರನೇ ಸಲ ಲೈಸೆನ್ಸು ತಂದಳು. ಅವನು ನಿವೃತ್ತನಾದ ತಿಂಗಳೇ ಬಾಗಿಲಲ್ಲಿ ಬೂದು ಬಣ್ಣದ ಹಳೆಯ ಕಾರೊಂದು ಬಂದು ನಿಂತಿತು. ಈ ಕಡಲಿನಿಂದ ಆ ಕಡಲಿಗೆ, ದೇಶವನ್ನು ಅಡ್ಡಕ್ಕೆ ದಾಟಿ ಹೋಗುವುದು, ಹನ್ನೊಂದು ದಿನ ಎಂದಳು. ಮೈಲಿಗಲ್ಲು ಮೊದಲು ನಕ್ಕ, ಆಮೇಲೆ ಸೊಂಟ ನೋವೆಂದ, ಕೊನೆಗೆ ಒಬ್ಬಳೇ ಹೋಗು ಎಂದ. ಸರಿ ಎಂದು ಅವಳು ಒಬ್ಬಳ ಬಟ್ಟೆಯನ್ನೇ ಪೆಟ್ಟಿಗೆಗೆ ತುಂಬತೊಡಗಿದಾಗ ತೆಪ್ಪಗೆ ತನ್ನ ಶರಟುಗಳನ್ನೂ ತಂದಿಟ್ಟ.

ಹೊರಟ ಮೊದಲ ದಿನದಿಂದಲೇ ಪುಸ್ತಕದ ಬಣ್ಣ ಬಯಲಾಗತೊಡಗಿತು. ನಿಲ್ಲಿ ಎಂದು ಬರೆದಿದ್ದ ಗಡಿಯಾರ ಗೋಪುರದ ಕೆಳಗಡೆ ಹಾಸಿಗೆ ಅಂಗಡಿ ಬಂದಿತ್ತು, ಮೇಲುಗಡೆ ಗಡಿಯಾರ ಹೋಗಿತ್ತು. ಬೆಳಗ್ಗೆ ಹತ್ತಕ್ಕೆ ತೆರೆಯುತ್ತದೆ ಎಂದಿದ್ದ ವಸ್ತುಸಂಗ್ರಹಾಲಯಕ್ಕೆ ಬೀಗ ಬಿದ್ದು ನಾಲ್ಕು ವರ್ಷವಾಗಿತ್ತು. ಮೈಲಿಗಲ್ಲು ಕಾರಿನಿಂದ ಇಳಿದು ಅಲ್ಲಿನ ಕಾವಲುಗಾರನಿಗೆ ಪುಸ್ತಕ ತೋರಿಸಿ ಛೀಮಾರಿ ಹಾಕಿದ. ಕಾವಲುಗಾರ ಪಾಪ, ಪುಸ್ತಕವನ್ನೂ ಬೀಗವನ್ನೂ ಒಂದಾದ ಮೇಲೊಂದು ನೋಡಿ, ತನ್ನದೇ ತಪ್ಪಿರಬೇಕು ಎಂಬಂತೆ ತಲೆ ಕೆರೆದುಕೊಂಡ.

ಹೆಂಡತಿಗೆ ಮಾತ್ರ ನಿಲ್ಲುವ ಜಾಗಕ್ಕೆ ಬರವಿರಲಿಲ್ಲ. ಪೆಟ್ರೋಲ್ ಬಂಕಿನಲ್ಲಿ, ಅಂಗಡಿಗಳಲ್ಲಿ ಅವಳು ದಾರಿ ಕೇಳುತ್ತಿರಲಿಲ್ಲ. ಮಾರುವವರು ತಮ್ಮ ಕಡೆಗೇ ಕಳಿಸುತ್ತಾರೆ ಎನ್ನುತ್ತಿದ್ದಳು. ಕೆಲಸ ಮುಗಿಸಿ ಮನೆಗೆ ಹೋಗುತ್ತಿರುವವರನ್ನು ಹಿಡಿದು, ನಿಮ್ಮ ಮನೆಗೆ ನೆಂಟರು ಬಂದರೆ ಎಲ್ಲಿಗೆ ಕರೆದುಕೊಂಡು ಹೋಗುತ್ತೀರಿ ಎಂದು ಕೇಳುತ್ತಿದ್ದಳು. ಹಾಗೆ ಕೇಳಿಯೇ ಲಾಂದ್ರದ ಗಾಜು ಊದುವ ಶೆಡ್ಡು ಸಿಕ್ಕಿತು. ಒಂದೇ ಒಂದು ಕಾರನ್ನು ಹೊತ್ತು ಹೊಳೆ ದಾಟಿಸುವ ದೋಣಿ ಸಿಕ್ಕಿತು. ಹಳೆಯ ಟೈರು ಕತ್ತರಿಸಿ ಬಕೆಟ್ಟು ಮಾಡುವ ಒಂದು ಇಡೀ ಬೀದಿ ಸಿಕ್ಕಿತು. ಅಲ್ಲೆಲ್ಲ ಅವಳು ಇಳಿದು ಹೋಗಿ, ಜನರ ಜೊತೆ ಹರಟಿ, ಕೆನ್ನೆ ಕೆಂಪಗೆ ಮಾಡಿಕೊಂಡು ಬರುತ್ತಿದ್ದಳು. ಮೈಲಿಗಲ್ಲು ಗಾಜು ಏರಿಸಿಕೊಂಡು ಕಾರಿನಲ್ಲೇ ಕೂತಿರುತ್ತಿದ್ದ. ಇದು ಪುಸ್ತಕದಲ್ಲಿಲ್ಲ ಎನ್ನುತ್ತಿದ್ದ. ಬಕೆಟ್ಟಿನ ಬೀದಿ ಪುಸ್ತಕದಲ್ಲಿ ಏಕಿಲ್ಲವೆಂದರೆ, ಅದರ ಬಗ್ಗೆ ಬಂದ ಏಳು ಕಾಗದಗಳ ಮೇಲೂ ಇವನೇ ಸಾಗಿ ಎಂದು ಗೀಚಿ ಬದಿಗಿಟ್ಟಿದ್ದ.

ಏಳನೇ ದಿನ ಬೆಳಗ್ಗೆ, ವಸತಿಗೃಹದ ಕೋಣೆಯಲ್ಲಿ ತಲೆ ಬಾಚಿಕೊಳ್ಳುತ್ತ ಅವಳು, ಇವತ್ತು ಗಾಳಿದಿಬ್ಬಕ್ಕೆ ಹೋಗೋಣ ಎಂದಳು. ಪುಸ್ತಕದ ಆ ಪುಟದಲ್ಲಿ ಅವಳು ಗುರುತಿಗೆ ಒಂದು ಕೆಂಪು ದಾರ ಇಟ್ಟಿದ್ದಳು. ಇಡೀ ಪುಸ್ತಕದಲ್ಲಿ ದಾರ ಇದ್ದದ್ದು ಅದೊಂದೇ ಪುಟದಲ್ಲಿ. ಅವನು ರಸ್ತೆ ಕೆಟ್ಟಿದೆ ಎಂದ, ಟೈರು ಸವೆದಿದೆ ಎಂದ, ಹೊಟ್ಟೆ ಸರಿಯಿಲ್ಲ ಎಂದ. ಅವಳು ಹೂಂ ಎನ್ನುತ್ತಲೇ ಕಾರಿನ ಬೀಗದ ಕೈ ಎತ್ತಿಕೊಂಡಳು.

ಹೆದ್ದಾರಿಗೆ ಬಂದ ಮೇಲೆ, ಕಣ್ಣನ್ನು ರಸ್ತೆಯ ಮೇಲಿಂದ ತೆಗೆಯದೆ ಅವಳು ಹೇಳಿದಳು.

"ಒಂದು ಮಾತು ಕೇಳ್ತೀನಿ. ಕೋಪ ಮಾಡ್ಕೋಬೇಡಿ. ಅಲ್ಲಿ ನಿಮ್ಮ ಜೊತೆ ಕೂತಿದ್ದೋಳು ಯಾರು?"

ಅವನಿಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. ಹದಿನೆಂಟು ವರ್ಷದ ಹಿಂದೆ, ಎಂಟನೇ ಮುದ್ರಣದ ವರ್ಷವೇ ಅವನು ಆಫೀಸಿನ ಕೆಲಸವೆಂದು ನಾಲ್ಕು ದಿನ ಊರು ಬಿಟ್ಟು ಹೋಗಿದ್ದ. ಮದುವೆಯಾದ ಮೇಲೆ ಅವನು ಹಾಗೆ ಹೋದದ್ದು ಅದೊಂದೇ ಸಲ. ಪುಸ್ತಕ ಬಂದಾಗ ಅವಳು ಈ ಆರು ಸಾಲು ಓದಿದಳು. ಮಿಕ್ಕದ್ದೆಲ್ಲ ಅಡಿ, ಮೀಟರು, ಬಾಗಿಲು ತೆರೆಯುವ ಸಮಯ. ಇದೊಂದನ್ನು ಮಾತ್ರ ಸುಖವಾಗಿ ಕೂತು ಎದ್ದುಬಂದವನು ಬರೆದಂತಿತ್ತು. ತನ್ನ ಜೊತೆ ಐದು ನಿಮಿಷ ಸುಮ್ಮನೆ ಕೂತು ಗೊತ್ತಿಲ್ಲದ ಗಂಡ ಅಲ್ಲಿ ಹೊತ್ತು ಹೋದದ್ದೂ ತಿಳಿಯದಂತೆ ಕೂತಿದ್ದಾನೆ, ಅದೂ ಇಬ್ಬರ ಬೆಂಚಿನ ಮೇಲೆ. ಆಗ ಒಮ್ಮೆ ಕೇಳಿದ್ದಳು. ಅವನ ಮುಖ ಕೆಂಪಾಗಿ, ಆಫೀಸಿನ ವಿಷಯ ಮನೆಯಲ್ಲಿ ಬೇಡ ಎಂದು ಗದರಿಸಿದ್ದ. ಅಲ್ಲಿಗೆ ಅವಳಿಗೆ ಖಾತ್ರಿಯಾಗಿತ್ತು.

"ಜಗಳಕ್ಕಲ್ಲ," ಎಂದಳು. "ಆ ಜಾಗ ನೋಡ್ಬೇಕು, ಅಷ್ಟೇ. ನೀವು ಹಾಗೆ ಎಲ್ಲಿ ಕೂತಿದ್ರಿ ಅಂತ."

ಇಲ್ಲಿ ಮೈಲಿಗಲ್ಲು ಬಾಯಿ ಬಿಟ್ಟಿದ್ದರೆ ಕತೆ ಬೇರೆಯಾಗುತ್ತಿತ್ತು. ಅಂಥ ಜಾಗವೇ ಇಲ್ಲ ಕಣೇ ಎಂದು ಒಂದು ಮಾತು ಹೇಳಿದ್ದರೆ ಹದಿನೆಂಟು ವರ್ಷದ ಮುಳ್ಳು ಅಲ್ಲೇ ಕಿತ್ತುಬರುತ್ತಿತ್ತು. ಆದರೆ ಹಾಗೆಂದರೆ ತನ್ನ ಪುಸ್ತಕದಲ್ಲಿ ಸುಳ್ಳಿದೆ ಎಂದು ಒಪ್ಪಿಕೊಂಡಂತೆ. ಅದೂ ಹೆಂಡತಿಯ ಎದುರು. ಅದು ಅವನಿಂದ ಸುತರಾಂ ಆಗದ ಕೆಲಸ. ಇನ್ನೊಂದು ಸಂಗತಿಯೂ ಇತ್ತು, ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಲೇಬೇಕು. ತನ್ನ ಮೇಲೂ ಇಂಥದೊಂದು ಗುಮಾನಿ ಬರಬಹುದೆಂದು ತಿಳಿದು ಅವನಿಗೆ ಒಳಗೊಳಗೇ ಖುಷಿಯಾಯಿತು. ಕನ್ನಡಿ ನೋಡುವ ನೆವದಲ್ಲಿ ಇದ್ದ ನಾಲ್ಕು ಕೂದಲನ್ನು ಸರಿಮಾಡಿಕೊಂಡ. ಎರಡು ಮೂರು ಕಿಲೋಮೀಟರು ಗಂಭೀರವಾಗಿ ಕಿಟಕಿಯಾಚೆ ನೋಡುತ್ತ, ಗುಟ್ಟು ಕಾಪಾಡುವ ಗಂಡಸಿನಂತೆ ಕೂತಿದ್ದ. ಆಮೇಲೆ ತಲೆ ಸುತ್ತಿತು, ಕಣ್ಣು ಮುಚ್ಚಿಕೊಂಡ.

ಅಲ್ಲಿ ಹೋದರೆ ಏನೂ ಇರುವುದಿಲ್ಲ, ಬೆಂಚನ್ನು ಯಾರೋ ಒಡೆದು ಒಯ್ದಿರಬೇಕು ಎಂದುಬಿಟ್ಟರಾಯಿತು ಎಂದು ಅವನ ಲೆಕ್ಕ. ಸಂಜೆ ನಾಲ್ಕೂವರೆಯ ಹೊತ್ತಿಗೆ ಅವಳು ಎಡಕ್ಕೆ ತಿರುಗಿದಳು. ಮಣ್ಣು ರಸ್ತೆ ಇತ್ತು. ಎಲ್ಲೆಡೆ ಇರುವುದೇ ಬಿಡು ಎಂದುಕೊಂಡ. ನಾಲ್ಕು ಕಿಲೋಮೀಟರು ದಾಟಿದ ಮೇಲೆ ತಗಡಿನ ಫಲಕ ಕಾಣಿಸಿತು: ಗಾಳಿದಿಬ್ಬ, ಎಡಕ್ಕೆ ನಿಲ್ಲಿಸಿ. ಮೈಲಿಗಲ್ಲು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ದಿಬ್ಬದ ಬುಡದಲ್ಲಿ ಚಹಾದ ಅಂಗಡಿ ಇತ್ತು, ಎರಡು ಕಾರು ನಿಂತಿದ್ದವು. ಮೇಲೆ, ಆಕಾಶಕ್ಕೆ ಬೆನ್ನು ಕೊಟ್ಟು, ಕಲ್ಲುಬೆಂಚು ಇತ್ತು.

ತಾನು ಹುಟ್ಟಿಸಿದ್ದು ತನಗಿಂತ ಮೊದಲೇ ಇಲ್ಲಿ ಬಂದು ಕೂತಿದೆ. ಹೆದರಿಕೆ ಒಂದು ಕ್ಷಣ ಮಾತ್ರ, ಮರುಕ್ಷಣವೇ ಅವನ ಜಂಬ ಎದ್ದು ನಿಂತಿತು. ನೋಡು, ನನ್ನ ಪುಸ್ತಕದಲ್ಲಿ ಸುಳ್ಳೇ ಇಲ್ಲ. ಅವಳಿಗಿಂತ ಮುಂದಾಗಿ ಏದುಸಿರು ಬಿಡುತ್ತ ದಿಬ್ಬ ಹತ್ತಿದ. ಬೆಂಚಿನ ಮೇಲೆ ಕೈಯಿಟ್ಟು, ಹಳೆಯ ಪರಿಚಯದವನಂತೆ ತಟ್ಟಿದ. ಅವಳು ಹಿಂದೆ ನಿಂತು ಬೆಂಚನ್ನು ನೋಡಿದಳು. ಎರಡು ಮಾರು ದೂರದಿಂದಲೇ ಅಳತೆ ಹೇಳಬಲ್ಲ ಕಣ್ಣು ಅವಳದು. ಇಬ್ಬರು ಕೂತರೆ ಭುಜಕ್ಕೆ ಭುಜ ತಾಗುವಷ್ಟೇ ಅಗಲವಿತ್ತು.

"ಇಲ್ಲೇನಾ?" ಎಂದಳು.

ಅವನು ಹೂಂ ಎಂದ.

ಚಹಾದ ಅಂಗಡಿಯ ಹೆಂಗಸು ಎರಡು ಲೋಟ ಹಿಡಿದು ಮೇಲೆ ಬಂದಳು. ಬಂದವರಿಗೆಲ್ಲ ಹೇಳಿ ಹೇಳಿ ಅವಳಿಗೆ ಕತೆ ಬಾಯಿಪಾಠವಾಗಿತ್ತು. ಇವರಿಗೂ ಹೇಳಿದಳು.

"ಮುಂಚೆ ಇಲ್ಲೇನೂ ಇರ್ಲಿಲ್ಲಮ್ಮ, ಬರೀ ಹಾಳು ದಿಬ್ಬ. ಯಾವುದೋ ಪುಸ್ತಕ ಹಿಡ್ಕೊಂಡು ಜನ ಬರೋರು, ಬೆಂಚೆಲ್ಲಿ ಅಂತ ನಮ್ಮನ್ನೇ ಬೈಯೋರು. ಬೈಸಿಕೊಂಡು ಬೈಸಿಕೊಂಡು ಸಾಕಾಗಿ ನಮ್ಮ ಮಾವ, ಅವರು ಕಲ್ಲುಕೆಲಸದವರು, ಪುಸ್ತಕದಲ್ಲಿ ಹೇಗಿದೆ ಅಂತ ಓದಿಸ್ಕೊಂಡು, ಇಬ್ಬರಿಗೆ ಸರಿಯಾಗಿ ಕಡಿದು ಹಾಕಿದ್ರು. ಹನ್ನೆರಡು ವರ್ಷ ಆಯ್ತು."

ಬರೆದವರಿಗೆ ಏನೋ ಕನಸು ಬಿದ್ದಿರಬೇಕು ಎಂದು ಮಾವ ನಗುತ್ತಿದ್ದರು ಎಂದೂ ಹೇಳಿ, ಖಾಲಿ ಲೋಟಕ್ಕೆ ಆಮೇಲೆ ಬರುತ್ತೇನೆಂದು ಆಕೆ ಇಳಿದು ಹೋದಳು.

ಹೆಂಡತಿ ಲೋಟವನ್ನು ಬೆಂಚಿನ ಅಂಚಿನಲ್ಲಿಟ್ಟಳು. ಹದಿನೆಂಟರಲ್ಲಿ ಹನ್ನೆರಡು ಕಳೆಯಲು ಅವಳಿಗೆ ಕಾಗದ ಬೇಕಿರಲಿಲ್ಲ. ಗಂಡನ ಮುಖ ಹುಳ್ಳಗಾಗಿತ್ತು. ಈಗ ಬಾಯಿ ಬಿಡದೆ ಗತಿಯಿರಲಿಲ್ಲ, ಬಿಟ್ಟ. ಗಾಳದ ಪದ್ಧತಿ, ಕಳ್ಳ ಪ್ರಕಾಶಕರು, ಯಜಮಾನರಿಗೆ ಕೊಟ್ಟ ಮಾತು, ಎಲ್ಲ ಹೇಳಿದ. ಆ ನಾಲ್ಕು ದಿನ ತಾನು ಹೋದದ್ದು ಬೇರೆ ಊರಿನ ಅಚ್ಚುಕೂಟಕ್ಕೆ, ಅಲ್ಲಿ ಕರಡು ತಿದ್ದಿದ್ದು ಬಿಟ್ಟು ಇನ್ನೇನೂ ಮಾಡಿಲ್ಲ ಎಂದ. ಹೇಳುತ್ತ ಹೇಳುತ್ತ ಅವನಿಗೆ ಧೈರ್ಯ ಬಂತು. ತಾನು ತಪ್ಪು ಮಾಡಿದವನಲ್ಲ, ಸುಮ್ಮನೆ ಗುಮಾನಿಗೆ ಗುರಿಯಾದವನು ಎಂಬಂತೆ ದನಿ ಏರಿತು.

ಅವಳ ಮುಖ ಸ್ವಲ್ಪ ಸಡಿಲವಾಯಿತು. ಬೆಂಚನ್ನೊಮ್ಮೆ ಸವರಿ, ಇಷ್ಟು ವರ್ಷದಲ್ಲಿ ಎಂದೂ ಕೇಳದಷ್ಟು ಮೆಲ್ಲಗೆ ಕೇಳಿದಳು.

"ಹಾಗಾದ್ರೆ ಬರೀವಾಗ ಮನಸ್ಸಿನಲ್ಲಿ ಯಾರನ್ನ ಕೂರಿಸಿದ್ರಿ?"

ಮನುಷ್ಯನಿಗೆ ಒಂದು ಸುಳ್ಳು ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ. ಇಲ್ಲದ ದಿಬ್ಬವನ್ನೇ ಹತ್ತು ನಿಮಿಷದಲ್ಲಿ ಎಬ್ಬಿಸಿದವನಿಗೆ, ನಿನ್ನನ್ನೇ ಎಂದು ಹೇಳಲು ಎಷ್ಟು ಹೊತ್ತು ಬೇಕಿತ್ತು? ಆದರೆ ಮೈಲಿಗಲ್ಲು ತಾನು ಶುದ್ಧ ಎಂದು ತೋರಿಸುವ ಹುರುಪಿನಲ್ಲಿದ್ದ.

"ಯಾರನ್ನೂ ಇಲ್ಲ ಕಣೇ. ಪುಟದಲ್ಲಿ ಆರು ಸಾಲು ಖಾಲಿ ಉಳಿದಿತ್ತು. ಬೆಂಚು ಅಂದ್ಮೇಲೆ ಇಬ್ಬರಿಗೆ ತಾನೆ."

"ನನ್ನನ್ನೂ ಇಲ್ಲ."

ಅದು ಪ್ರಶ್ನೆಯಾಗಿರಲಿಲ್ಲ. ಆದರೂ ಅವನು ಉತ್ತರ ಕೊಟ್ಟ, ಕೆಲಸದ ಹೊತ್ತಿನಲ್ಲಿ ಮನೆಯವರ ನೆನಪು ಎಲ್ಲಿರುತ್ತದೆ ಎಂದ.

ಅವಳು ಅಳಲಿಲ್ಲ, ಸಿಟ್ಟು ಮಾಡಲಿಲ್ಲ. ಬಟ್ಟೆಯ ಅಳತೆಯನ್ನು ತಪ್ಪು ತೆಗೆದುಕೊಂಡು ಇಡೀ ಥಾನು ಕತ್ತರಿಸಿಬಿಟ್ಟವರು ನೋಡುವ ಹಾಗೆ ಅವನನ್ನು ನೋಡಿದಳು.

"ಇನ್ನೊಬ್ಬಳು ಇದ್ದಿದ್ರೇ ವಾಸಿಯಾಗಿತ್ತು," ಎಂದಳು. "ನಿಮ್ಮ ಕೈಲಿ ಅದಾದ್ರೂ ಆಗತ್ತೆ ಅಂತ ಹದಿನೆಂಟು ವರ್ಷ ನಂಬಿಕೊಂಡಿದ್ದೆ."

ಆಮೇಲೆ ಬೆಂಚಿನ ಮೇಲೆ ಕೂತಳು. ಪಕ್ಕದಲ್ಲಿ ಉಳಿದ ಜಾಗದಲ್ಲಿ ತನ್ನ ಕೈಚೀಲ ಇಟ್ಟಳು. ಅವನು ಆ ಚೀಲವನ್ನು ಎತ್ತಿ ಕೂರಬಹುದೇ ಎಂದು ನೋಡುತ್ತಿದ್ದಂತೆ, ನೀವು ಕಾರಿನ ಹತ್ತಿರ ಇರಿ, ನಾನು ಬರುತ್ತೇನೆ ಎಂದಳು.

ಅವನು ಇಳಿದು ಬಂದ. ಬೀಗದ ಕೈ ಅವಳ ಹತ್ತಿರವೇ ಇತ್ತು, ತನ್ನ ಹತ್ತಿರ ಇದ್ದಿದ್ದರೂ ಅವನಿಗೆ ಉಪಯೋಗವಿರಲಿಲ್ಲ. ರಸ್ತೆಯಂಚಿನಲ್ಲಿ, ಆ ತಗಡಿನ ಫಲಕದ ಪಕ್ಕದಲ್ಲಿ ನಿಂತ. ಇನ್ನೊಂದು ಕಾರು ಬಂತು. ಅದರಿಂದ ಇಳಿದ ಗಂಡ ಹೆಂಡಿರು, ಮೇಲೆ ನೋಡುವಂಥದ್ದು ಏನಾದರೂ ಇದೆಯೇ ಎಂದು ಇವನನ್ನೇ ಕೇಳಿದರು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಅವನಿಗೆ ಏನು ಹೇಳಬೇಕೆಂದು ತೋಚಲಿಲ್ಲ. ನಾಚಿಕೆಯಾಯಿತು. ಆ ನಾಚಿಕೆ ಪುಸ್ತಕದ ಬಗ್ಗೆ ಅಲ್ಲವೆಂದು ಅವನಿಗೂ ಗೊತ್ತಾಯಿತು.

ಐದರ ಮೇಲೆ ಗಾಳಿ ಎದ್ದಿತು. ದಿಬ್ಬವೆಂದ ಮೇಲೆ ಗಾಳಿ ಏಳದೆ ಏನು ಮಾಡೀತು? ಮೇಲೆ ಅವಳ ಸೆರಗು ಹಾರಾಡುತ್ತಿತ್ತು, ಅವಳು ಅಲುಗಾಡದೆ ಕೂತಿದ್ದಳು. ಅವನು ಗಡಿಯಾರ ನೋಡಿದ, ಮತ್ತೆ ನೋಡಿದ. ಹೊತ್ತು ಹೋದದ್ದು ತಿಳಿಯುವುದಿಲ್ಲ ಎಂದು ಬರೆದವನು ಅವನೇ. ಅವಳು ಇಳಿದು ಬರಲು ನಲವತ್ತು ನಿಮಿಷ ಹಿಡಿಯಿತು, ಅವನಿಗೆ ಒಂದೊಂದು ನಿಮಿಷವೂ ತಿಳಿಯಿತು.